ರೋಡ್ ಸೈಕಲ್ಲಿನ ಕ್ರ್ಯಾಂಕ್ ನನ್ನ ಫಿಕ್ಸಿಗೆ ಕೂರಿಸಿದ್ದು

ಮಳೆಗಾಲ ಮುಗಿದು ಒಂದು ವಾರಕ್ಕೆ ಸೈಕಲ್ಲನ್ನು ಬಾಲ್ಕನಿಯಲ್ಲಿ ಮಗ್ಗುಲಿಗೆ ಮಲಗಿಸಿ ಬಿಬಿಯ (ಬಾಟಮ್ ಬ್ರಾಕೆಟ್, ಪೆಡಲಿನ ಅಚ್ಚು ಬೇರಿಂಗಿನ ಮೇಲೆ ತಿರುಗುವ ಭಾಗ) ಎಡಗಡೆ ಬಿಚ್ಚಿದೆ. ಒಳಗಿಂದ ಕಾಲು ಲೋಟದಷ್ಟು ತುಕ್ಕು ನೀರು ಬಂತು, ಡಿಕಾಕ್ಷನ್ ಬಣ್ಣದ್ದು. ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಸೈಕಲ್ ತುಳಿದರೆ ಇದು ಆಗೋದೇ. ಸೀಟಿನ ಕಂಬದ ಸಂದಿಯಿಂದ ನೀರು ಇಳಿದು, ಪೆಡಲಿನ ಅಚ್ಚು ಕೂರುವ ಕೊಳವೆಯಲ್ಲಿ ಬಂದು ನಿಲ್ಲುತ್ತದೆ. ಹಳೆಯ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದೆ. ಒಳಗೆ ಮರಳು ಹಾಕಿದ ಹಾಗೆ ಕರಕರ ಅಂತು.

ಬೇರಿಂಗ್ ಹೇಗಿದ್ದರೂ ಹೋಗಿದೆ. ಅದರ ಜೊತೆ ಕ್ರ್ಯಾಂಕನ್ನೂ, ಅಂದರೆ ಪೆಡಲ್ ಕೂರುವ ತೋಳುಗಳನ್ನೂ, ಬದಲಿಸಿಬಿಡೋಣ ಅನ್ನಿಸಿತು. ಏಕೆಂದರೆ ಹಳೆಯ ಕ್ರ್ಯಾಂಕಿನದು ಬೇರೆಯೇ ಕಾಟ. ಅದರ ಚೈನ್ ವೀಲನ್ನು (ಚೈನು ಕೂರುವ ಮುಂದಿನ ಹಲ್ಲಿನ ಚಕ್ರ) ರಿವೆಟ್ ಹೊಡೆದು ಕೂರಿಸಿದ್ದರು, ನಡುವಿಗೆ ಸರಿಯಾಗಿ ಕೂತಿರಲಿಲ್ಲ. ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಚೈನು ಒಂದು ಕಡೆ ತಂತಿಯ ಹಾಗೆ ಬಿಗಿ, ಅದರ ಎದುರು ಕಡೆ ಜೋಲು. ಮಾಮೂಲಿ ಸೈಕಲ್ಲಿನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಫಿಕ್ಸಿಯಲ್ಲಿ ಫ್ರೀವೀಲ್ ಇಲ್ಲ, ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ, ವೇಗ ತಗ್ಗಿಸಲು ಕಾಲನ್ನೇ ಹಿಂದಕ್ಕೆ ಒತ್ತಬೇಕು. ಹಾಗೆ ಒತ್ತಿದ ಪ್ರತಿ ಸಲವೂ ಆ ಸಡಿಲು ಟಕ್ ಅಂತ ಪಾದಕ್ಕೆ ಬಡಿಯುತ್ತದೆ.

ಅದೇ ಹೊತ್ತಿಗೆ ಆಫೀಸಿನ ಗೆಳೆಯ ತನ್ನ ರೋಡ್ ಬೈಕಿನ, ಅಂದರೆ ಗೇರ್ ಇರುವ ರೋಡ್ ಸೈಕಲ್ಲಿನ, ಕ್ರ್ಯಾಂಕ್‌ಸೆಟ್ ಬದಲಿಸಿದ. ಹಳೆಯದನ್ನು ನನಗೆ ಕೊಟ್ಟ. ಶಿಮಾನೊ 105, 5700 ಸರಣಿಯದು, ತೋಳು 170 ಮಿಮೀ, ಮುಂದೆ 53 ಮತ್ತು 39 ಹಲ್ಲಿನ ಎರಡು ಚೈನ್ ವೀಲ್. ಟೊಳ್ಳು ಅಚ್ಚು ಬಲಗಡೆ ತೋಳಿಗೇ ಅಂಟಿಕೊಂಡಿದೆ, 24 ಮಿಮೀ ದಪ್ಪ, ಬೇರಿಂಗುಗಳು ಫ್ರೇಮಿನ ಹೊರಗಡೆ ಬಟ್ಟಲಿನಂಥ ಕಪ್ಪುಗಳಲ್ಲಿ ಕೂರುತ್ತವೆ. ಕೈಯಲ್ಲಿ ಹಿಡಿದಾಗಲೇ ಆಸೆ ಹುಟ್ಟಿತು. ಟ್ರ್ಯಾಕ್ ಸೈಕಲ್ಲಿಗೆಂದೇ (ಫಿಕ್ಸಿಯ ಹಾಗೇ ಫ್ರೀವೀಲ್ ಇಲ್ಲದ ರೇಸ್ ಸೈಕಲ್ಲು) ಮಾಡಿದ ಒಳ್ಳೆಯ ಕ್ರ್ಯಾಂಕು ಇಲ್ಲಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ತರಿಸಿದರೆ ದುಡ್ಡೂ ಜಾಸ್ತಿ. ಇದು ಪುಕ್ಕಟೆ.

ಆಗುತ್ತೋ ಇಲ್ಲವೋ ಅಂತ ಮೊದಲು ಅಳತೆ ನೋಡಿದೆ. ಫ್ರೇಮಿನ ಬಿಬಿ ಕೊಳವೆಯ ಅಗಲ 68 ಮಿಮೀ. ಅಂದರೆ ಮಾಮೂಲಿ ಇಂಗ್ಲಿಷ್ ಥ್ರೆಡ್ಡು, 1.37 ಇಂಚು, ಇಂಚಿಗೆ 24 ಸುತ್ತು. 70 ಬಂದಿದ್ದರೆ ಇಟಾಲಿಯನ್ ಇರಬಹುದು, ಅದರ ಕಪ್ಪೇ ಬೇರೆ. ಚೈನ್ ವೀಲ್ ಕೂರುವ ಐದು ತೂತುಗಳ ನಡುಬಿಂದುಗಳ ಮೂಲಕ ಹಾದುಹೋಗುವ ವೃತ್ತದ ಅಡ್ಡಳತೆ 130 ಮಿಮೀ. ಟ್ರ್ಯಾಕ್ ಕ್ರ್ಯಾಂಕುಗಳಲ್ಲಿ ಇದು ಹೆಚ್ಚಾಗಿ 144 ಇರುತ್ತದೆ, ಹಾಗಾಗಿ ಟ್ರ್ಯಾಕಿನ ಚೈನ್ ವೀಲ್ ಇದಕ್ಕೆ ಕೂರುವುದಿಲ್ಲ. ಆದರೆ 130ರಲ್ಲೂ ಸಿಂಗಲ್ ಸ್ಪೀಡಿನ (ಒಂದೇ ಗೇರಿನ ಸೈಕಲ್ಲಿನ) ಚೈನ್ ವೀಲ್ ಸಿಗುತ್ತವೆ. 44 ಹಲ್ಲಿನದೊಂದು ಮುಂಬೈಯಿಂದ ತರಿಸಿದೆ.

ಗೆಳೆಯ ಕೊಟ್ಟ 53ನ್ನೋ 39ನ್ನೋ ಹಾಗೇ ಬಳಸಬಹುದಿತ್ತಲ್ವಾ ಅಂತ ಕೇಳಬಹುದು. ಗೇರ್ ಇರುವ ಸೈಕಲ್ಲಿನ ಚೈನ್ ವೀಲನ್ನು ಹತ್ತಿರದಿಂದ ನೋಡಿ. ಪಕ್ಕದಲ್ಲಿ ಸಣ್ಣ ಇಳಿಜಾರು ಕೊರೆದಿರುತ್ತಾರೆ, ಪುಟ್ಟ ಪಿನ್ನುಗಳಿರುತ್ತವೆ, ಕೆಲವು ಹಲ್ಲು ಉಳಿದವಕ್ಕಿಂತ ಗಿಡ್ಡ. ಚೈನು ಒಂದರಿಂದ ಇನ್ನೊಂದಕ್ಕೆ ಬೇಗ ಹಾರಲಿ ಅಂತಲೇ ಆ ಏರ್ಪಾಡು. ನನಗೆ ಬೇಕಾದದ್ದು ಅದಕ್ಕೆ ಪೂರ್ತಿ ವಿರುದ್ಧ. ಚೈನು ಎಲ್ಲೂ ಹಾರಲೇಬಾರದು. ಎಲ್ಲ ಹಲ್ಲೂ ಒಂದೇ ಎತ್ತರ ಇರುವ, ಪಕ್ಕದಲ್ಲಿ ಏನೂ ಕೊರೆಯದ ಚೈನ್ ವೀಲೇ ಫಿಕ್ಸಿಗೆ ಸರಿ. ಫ್ರೀವೀಲ್ ಹಾಕಿದ ಸಿಂಗಲ್ ಸ್ಪೀಡಿಗಾದರೆ ಹಳೆಯದೂ ನಡೆಯುತ್ತದೆ, ಚೈನು ನೇರ ಮತ್ತು ಬಿಗಿ ಇರಬೇಕು ಅಷ್ಟೇ.

ಹಳೆಯ ಬಿಬಿ ಬಿಚ್ಚುವಾಗ ಒಂದು ನೆನಪಿಟ್ಟುಕೊಳ್ಳಿ. ಬಲಗಡೆ, ಅಂದರೆ ಚೈನ್ ಇರುವ ಕಡೆಯ ಕಪ್ಪಿನ ಥ್ರೆಡ್ಡು ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದು ಮಾಮೂಲಿ. ಪೆಡಲಿನಲ್ಲಿ ಇದಕ್ಕೆ ತದ್ವಿರುದ್ಧ, ಅಲ್ಲಿ ಎಡಗಡೆಯದು ಉಲ್ಟಾ. ನನ್ನ ಬಲಗಡೆ ಕಪ್ಪು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎರಡು ದಿನ ಎಣ್ಣೆ ಬಿಟ್ಟು ಕಾದೆ. ಆಮೇಲೂ ಜಗ್ಗಲಿಲ್ಲ.

ಸೈಕಲ್ ಎತ್ತಿಕೊಂಡು ಸದಾಶಿವ ಪೇಟೆಯ ಓಣಿಯಲ್ಲಿರುವ ಕಾಕಾನ ಅಂಗಡಿಗೆ ಹೋದೆ. ಕಾಕಾ ಇಂಡಿ ತಾಲೂಕಿನವರು, ಹುಡುಗನಾಗಿದ್ದಾಗ ಪುಣೆಗೆ ಬಂದವರು. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಊರೆಲ್ಲ ಸೈಕಲ್ಲೇ ಇದ್ದ ಕಾಲದ ಪುಣೆಯನ್ನು ಕಂಡವರು. ಆಗಿನ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಕಾಟರ್ ಪಿನ್ ಹೊಡೆದು ನಿಲ್ಲಿಸುತ್ತಿದ್ದರು. ಅವರ ಡಬ್ಬಿಯಲ್ಲಿ ಇವತ್ತಿಗೂ ಹಿಡಿತುಂಬ ಕಾಟರ್ ಪಿನ್ ಇವೆ.

ಅವರು ಬಿಬಿಯ ಟೂಲನ್ನು ಕಪ್ಪಿಗೆ ಕೂರಿಸಿ, ಅದು ಜಾರದ ಹಾಗೆ ಉದ್ದದ ಬೋಲ್ಟು ವಾಷರ್ ಹಾಕಿ ಬಿಗಿದರು. ಪಾನಾದ ಹಿಡಿಗೆ ಕೊಳವೆ ತೂರಿಸಿ ಉದ್ದ ಮಾಡಿದರು. ಒಂದೇ ಸಲ ಮೈಭಾರ ಬಿಟ್ಟರು. ಕಿರ್ರ್ ಅಂತ ಬಿಟ್ಟುಕೊಂಡಿತು. ಆಮೇಲೆ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಒಳಗಿನ ಥ್ರೆಡ್ಡಿನಲ್ಲಿ ತುಕ್ಕು, ಹಳೆಯ ಪೇಂಟು ತುಂಬಿತ್ತು. ಹೊಸ ಕಪ್ಪನ್ನು ಹಾಗೇ ತಿರುಪಿದರೆ ಥ್ರೆಡ್ಡು ಕೆಡುತ್ತದೆ. ಥ್ರೆಡ್ಡು ಕೊರೆದು ಅದನ್ನು ತೆಗೆಯುವ ಟ್ಯಾಪ್ ಅನ್ನುವ ಟೂಲು ಅವರ ಹತ್ತಿರ ಇಲ್ಲ. ಒಂದು ಹಳೆಯ ಉಕ್ಕಿನ ಕಪ್ಪು ತೆಗೆದುಕೊಂಡು, ಅದರ ಥ್ರೆಡ್ಡಿಗೆ ಅಡ್ಡಲಾಗಿ ಹ್ಯಾಕ್ಸಾದಿಂದ ನಾಲ್ಕು ಗೀರು ಕೊರೆದರು. ಗ್ರೀಸ್ ಸವರಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೆ ನಿಧಾನಕ್ಕೆ ಒಳಗೆ ಕಳಿಸಿದರು. ತುಕ್ಕೆಲ್ಲ ಆ ಗೀರುಗಳಲ್ಲಿ ಸೇರಿಕೊಂಡು ಕರಿ ಪೇಸ್ಟಿನ ಹಾಗೆ ಹೊರಬಂತು. ‘ಆಟೆ ಸ್ವಚ್ಛ ಇದ್ರ ಕಪ್ಪ ಬೆರಳಾಗ ತಿರುಗಬೇಕು ತಮ್ಮಾ’ ಅಂದರು. ಥ್ರೆಡ್ಡಿಗೆ ಮರಾಠಿಯಲ್ಲಿ ಆಟೆ ಅಂತಾರೆ, ಅವರ ಕನ್ನಡದಲ್ಲೂ ಅದೇ ಬಂದುಬಿಟ್ಟಿದೆ. ಹೊಸ ಕಪ್ಪು ನಿಜಕ್ಕೂ ಬೆರಳಲ್ಲೇ ಕೊನೆವರೆಗೆ ತಿರುಗಿತು.

ಇಷ್ಟಕ್ಕೇ ಮುಗಿಯಲಿಲ್ಲ. ಹೊರಗಡೆ ಕೂರುವ ಬೇರಿಂಗಿಗೆ ಕೊಳವೆಯ ಎರಡೂ ಅಂಚು ಒಂದಕ್ಕೊಂದು ಸಮಾನಾಂತರ ಇರಬೇಕು. ಇಲ್ಲದಿದ್ದರೆ ಎರಡು ಬೇರಿಂಗು ಬೇರೆ ಬೇರೆ ದಿಕ್ಕಿಗೆ ನೋಡುತ್ತವೆ, ಅಚ್ಚು ಬಿಗಿಯಾಗಿ ತಿರುಗುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ನನ್ನ ಫ್ರೇಮಿನ ಅಂಚಿನ ಮೇಲೆ ಪೇಂಟು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಂಚು ಸಮ ಮಾಡುವ ಕಟ್ಟರ್ ಇರುವ ಬೇರೆ ಅಂಗಡಿಗೆ ಹೋಗಿ ಅದೊಂದು ಕೆಲಸ ಮಾಡಿಸಿಕೊಂಡು ಬಂದೆ. ದುಡ್ಡು ಕೊಟ್ಟು ಮಾಡಿಸಿದ್ದು ಇದೊಂದೇ, ಕಾಕಾ ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಉಳಿದದ್ದು ನಾನೇ ಮಾಡಿದೆ. ಕಪ್ಪುಗಳಿಗೆ ಗ್ರೀಸ್ ಹಚ್ಚಿ ಬಿಗಿದೆ. ಅಚ್ಚಿಗೆ ತೆಳ್ಳಗೆ ಗ್ರೀಸ್ ಸವರಿ ಬಲಗಡೆಯಿಂದ ತೂರಿಸಿದೆ, ಕೊನೆಯ ಎರಡು ಸೆಂಟಿಮೀಟರಿಗೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಬೇಕಾಯಿತು. ಎಡಗಡೆ ತೋಳು ಕೂರಿಸಿ, ತುದಿಯ ಪ್ಲಾಸ್ಟಿಕ್ ಮುಚ್ಚಳವನ್ನು ಬೆರಳ ಬಲದಲ್ಲಷ್ಟೇ ತಿರುಗಿಸಿದೆ. ಆ ಮುಚ್ಚಳದ ಕೆಲಸ ತೋಳನ್ನು ಗಟ್ಟಿ ಹಿಡಿಯುವುದಲ್ಲ. ಅಚ್ಚಿನ ಅಡ್ಡ ಅಲುಗಾಟ ತೆಗೆಯೋದು ಅಷ್ಟೇ. ಅಲುಗಾಟ ನಿಂತ ತಕ್ಷಣ ನಿಲ್ಲಿಸಬೇಕು, ಇನ್ನೂ ಬಿಗಿದರೆ ಬೇರಿಂಗಿಗೆ ಒತ್ತಡ. ಆಮೇಲೆ ಸಣ್ಣ ಸುರಕ್ಷತಾ ಪಟ್ಟಿಯನ್ನು ಕೆಳಗೆ ಒತ್ತಿ, ಅದರ ಮೊಳೆ ಅಚ್ಚಿನ ತೂತಿಗೆ ಇಳಿಯಿತಾ ಅಂತ ನೋಡಿ, ತೋಳಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ 12ರಿಂದ 14 ನ್ಯೂಟನ್ ಮೀಟರಿಗೆ ಬಿಗಿದೆ. ಟಾರ್ಕ್ ಪಾನಾ ಕ್ರ್ಯಾಂಕ್ ಕೊಟ್ಟ ಗೆಳೆಯನದೇ.

ಇಲ್ಲಿಯವರೆಗೆ ಎಲ್ಲ ಸರಿ. ತಪ್ಪಿದ್ದು ಚೈನ್ ವೀಲಿನಲ್ಲಿ.

ರೋಡ್ ಕ್ರ್ಯಾಂಕಿನಲ್ಲಿ ಚೈನ್ ವೀಲಿಗೆ ಎರಡು ಜಾಗ ಇವೆ. ತೋಳಿನ ಹೊರಮೈಯಲ್ಲಿ ಒಂದು, ಒಳಮೈಯಲ್ಲಿ ಒಂದು. ಕಣ್ಣಿಗೆ ಚೆಂದ ಕಂಡದ್ದು ಹೊರಗಿನದು, ಅಲ್ಲೇ ಕೂರಿಸಿದೆ. ಎರಡು ಚೈನ್ ವೀಲನ್ನು ಹಿಡಿಯುತ್ತಿದ್ದ ಹಳೆಯ ಬೋಲ್ಟುಗಳನ್ನೇ ಹಾಕಿದೆ. ಚೈನು ಹಾಕಿ ಬಿಗಿದು ಓಣಿಯಲ್ಲಿ ಸುತ್ತಿ ಬಂದೆ. ಗರಗರ ಅಂತ ಸಣ್ಣ ಸದ್ದು. ಹೊಸ ಚೈನು, ಹೊಸ ಹಲ್ಲು, ಸವೆದರೆ ಹೋಗುತ್ತದೆ ಅಂದುಕೊಂಡೆ. ಅದರ ಜೊತೆ ಜೋರಾಗಿ ತುಳಿದಾಗಲೆಲ್ಲ ಟಿಕ್ ಟಿಕ್ ಅಂತ ಇನ್ನೊಂದು ಸದ್ದು.

ಮೂರನೇ ದಿನ ಬೆಳಿಗ್ಗೆ ಚಾಂದನಿ ಚೌಕದಿಂದ ಬಾವಧನ್ ಕಡೆ ಇಳಿಯುತ್ತಿದ್ದೆ. ಒಂದು ಹಂಪಿನ ಮೇಲೆ ಸೈಕಲ್ ಹಾರಿತು. ಚೈನು ಕಳಚಿ ಚೈನ್ ವೀಲಿಗೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಅಲ್ಲೇ ಲಾಕ್. ಮುಂದಿನ ಬ್ರೇಕು ಇದ್ದದ್ದರಿಂದ ಹೇಗೋ ರಸ್ತೆಯ ಪಕ್ಕಕ್ಕೆ ಎಳೆದುಕೊಂಡು ಬಿದ್ದೆ. ಮೊಣಕಾಲು ತರಚಿತು, ಅಷ್ಟೇ. ಹಿಂದೆ ಬಸ್ಸೇನೂ ಬರುತ್ತಿರಲಿಲ್ಲ. ಫಿಕ್ಸಿಗೆ ಬ್ರೇಕ್ ಇಲ್ಲದಿರುವುದೇ ಅಂದ ಅಂತ ಹೇಳುವವರಿದ್ದಾರೆ. ಚೈನು ಕಳಚಿದ ಕ್ಷಣದಲ್ಲಿ ಕಾಲಿನ ಬ್ರೇಕು ಅನ್ನುವುದೇ ಇರುವುದಿಲ್ಲ. ಮುಂದಿನ ಬ್ರೇಕಿಲ್ಲದೆ ರಸ್ತೆಗೆ ಇಳಿಯಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ.

ನಡೆಸಿಕೊಂಡೇ ಕಾಕಾನ ಹತ್ತಿರ ಹೋದೆ. ಅವರು ಗೋಣಿಚೀಲ ಹೊಲಿಯುವ ದಾರ ತೆಗೆದರು. ಚೈನ್ ವೀಲಿನ ಮುಖಕ್ಕೆ ಎರಡು ಕಡೆ ತಾಗುವ ಹಾಗೆ ಹಿಡಿದು, ಅದೇ ಗೆರೆಯಲ್ಲಿ ಹಿಂದಿನ ಚಕ್ರದವರೆಗೆ ಎಳೆದರು. ದಾರ ಹಿಂದಿನ ಕಾಗಿಗೆ (ಹಿಂದಿನ ಚಕ್ರಕ್ಕೆ ಕೂರಿಸಿದ ಸಣ್ಣ ಹಲ್ಲಿನ ಚಕ್ರ) ತಾಗಲೇ ಇಲ್ಲ. ಅದರ ಹೊರಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತಿತ್ತು.

‘ಹಿಂದಿಂದು ಒಳಗ ಅದ, ಮುಂದಿಂದು ಹೊರಗ ಅದ. ಚೈನ ಹೆಂಗ ನಿಲ್ಲತದ?’

‘ಹೊರಗ ಚೆಂದ ಕಾಣತಿತ್ರಿ ಕಾಕಾ’ ಅಂದೆ. ಅವರು ಏನೂ ಅನ್ನಲಿಲ್ಲ, ಅಲನ್ ಕೀ ಕೈಗೆ ಕೊಟ್ಟರು.

ಆ ಸಂಜೆ ವರ್ನಿಯರ್ ಹಿಡಿದು ಕೂತೆ. ಇದನ್ನು ಚೈನ್ ತರಿಸುವ ಮೊದಲೇ ಮಾಡಬೇಕಿತ್ತು, ನೀವು ಮೊದಲೇ ಮಾಡಿ, ಹತ್ತು ನಿಮಿಷದ ಕೆಲಸ. ಸೈಕಲ್ಲಿನ ನಟ್ಟನಡುವೆ ಉದ್ದಕ್ಕೆ ಒಂದು ಗೆರೆ ಇದೆ ಅಂದುಕೊಳ್ಳಿ. ಆ ಗೆರೆಯಿಂದ ಮುಂದಿನ ಹಲ್ಲು ಎಷ್ಟು ದೂರ, ಹಿಂದಿನ ಹಲ್ಲು ಎಷ್ಟು ದೂರ, ಎರಡೂ ಒಂದೇ ಬರಬೇಕು. ಇದನ್ನೇ ಚೈನ್ ಲೈನ್ ಅನ್ನುವುದು. ಹಿಂದೆ ಚಕ್ರ ಕೂರುವ ಜಾಗದ ಒಳ ಅಗಲ 120 ಮಿಮೀ, ಅರ್ಧ 60. ಫ್ರೇಮಿನ ಒಳಮೈಯಿಂದ ಕಾಗಿನ ಹಲ್ಲಿನ ನಡುವಿಗೆ 18. ಕಳೆದರೆ 42. ಟ್ರ್ಯಾಕ್ ಸೈಕಲ್ಲಿನ ಹಬ್ಬುಗಳಲ್ಲಿ (ಚಕ್ರದ ನಡುಭಾಗ) ಬರುವುದೂ ಸುಮಾರು ಇಷ್ಟೇ. ಮುಂದೆ ಸೀಟ್ ಟ್ಯೂಬಿನ ದಪ್ಪ 28.6, ಅರ್ಧ 14.3. ಟ್ಯೂಬಿನ ಮೈಯಿಂದ ಹಲ್ಲಿನ ನಡುವಿಗೆ 32. ಕೂಡಿದರೆ 46.3. ನಾಲ್ಕು ಮಿಲಿಮೀಟರಿಗೂ ಜಾಸ್ತಿ ವ್ಯತ್ಯಾಸ. ಗೇರ್ ಸೈಕಲ್ಲಿನಲ್ಲಿ ಇದಕ್ಕಿಂತ ಜಾಸ್ತಿ ಓರೆಯಲ್ಲೂ ಚೈನು ಓಡುತ್ತದೆ, ಆದರೆ ಅಲ್ಲಿನ ಚೈನು ತೆಳ್ಳಗೆ, ಮೆತ್ತಗೆ ಬಾಗುವಂಥದ್ದು, ಹಿಂದೆ ಅದನ್ನು ಹಿಡಿದು ಎಳೆಯುವ ಡಿರೇಲರ್ ಬೇರೆ ಇರುತ್ತದೆ. ನನ್ನದು ದಪ್ಪ ಚೈನು, ಹಿಡಿಯುವವರು ಯಾರೂ ಇಲ್ಲ.

ರೋಡ್ ಡಬಲ್ ಕ್ರ್ಯಾಂಕಿನ ಚೈನ್ ಲೈನ್ 43.5 ಅಂತ ಶಿಮಾನೊದವರು ಕೊಡುತ್ತಾರೆ. ಅದು ಎರಡು ಚೈನ್ ವೀಲಿನ ನಡುವಿನ ಖಾಲಿ ಜಾಗದ ಅಳತೆ, ಅಲ್ಲಿ ಹಲ್ಲೇ ಇಲ್ಲ. ಆ ಅಂಕಿ ಓದಿ, 42ಕ್ಕೆ ಹತ್ತಿರ ಇದೆಯಲ್ಲ ಅಂತ ನಾನು ನಿಶ್ಚಿಂತೆಯಾಗಿದ್ದೆ. ಹೊರಗಿನದು ಅದಕ್ಕಿಂತ ಎರಡೂವರೆ ಮಿಮೀ ಆಚೆ, ಒಳಗಿನದು ಅಷ್ಟೇ ಈಚೆ.

ಚೈನ್ ವೀಲನ್ನು ಒಳಮೈಗೆ ತಂದೆ, ಬೋಲ್ಟಿನ ತಲೆ ಕೂರುವ ಗುಂಡಿ ಇರುವ ಮುಖ ಫ್ರೇಮಿನ ಕಡೆಗೆ ಬರುವ ಹಾಗೆ ಮಗುಚಿ. ಈಗ ಟ್ಯೂಬಿನಿಂದ ಹಲ್ಲಿಗೆ 27, ಚೈನ್ ಲೈನ್ 41.3. ವ್ಯತ್ಯಾಸ ಒಂದು ಮಿಮೀಗಿಂತ ಕಡಿಮೆ. ಕಾಕಾನ ದಾರ ಹಿಡಿದೆ, ಕಾಗಿನ ಮುಖಕ್ಕೆ ಸವರಿಕೊಂಡು ಹೋಯಿತು.

ಒಳಗೆ ಹಾಕುವಾಗ ನೋಡಬೇಕಾದದ್ದು ಚೈನ್ ಸ್ಟೇ, ಅಂದರೆ ಬಿಬಿಯಿಂದ ಹಿಂದಿನ ಚಕ್ರದ ಕಡೆ ಹೋಗುವ ಫ್ರೇಮಿನ ಕೊಳವೆ. ರೋಡ್ ಕ್ರ್ಯಾಂಕಿನ ಒಳಜಾಗ ಇರುವುದೇ 39ರಂಥ ಸಣ್ಣ ಚೈನ್ ವೀಲಿಗೆ, ದೊಡ್ಡದು ಹಾಕಿದರೆ ಫ್ರೇಮಿಗೆ ತಾಗಬಹುದು. ನನ್ನ 44ಕ್ಕೂ ಫ್ರೇಮಿಗೂ ನಡುವೆ ಎರಡು ರೂಪಾಯಿಯ ಎರಡು ನಾಣ್ಯ ಜೋಡಿಸಿ ತೂರಿಸಿದರೆ ಹೋಗುತ್ತದೆ. ಜೋರಾಗಿ ತುಳಿದಾಗ ಫ್ರೇಮು ಸ್ವಲ್ಪ ಬಾಗುತ್ತದೆ, ಅದಕ್ಕೂ ಸಾಕು. 46 ಹಾಕಲು ನನಗೆ ಧೈರ್ಯ ಇಲ್ಲ.

ಇನ್ನು ಆ ಟಿಕ್ ಟಿಕ್. ಅದು ಬೋಲ್ಟುಗಳದು. ಎರಡು ಚೈನ್ ವೀಲ್ ಹಿಡಿಯುವ ಬೋಲ್ಟು ಒಂದಕ್ಕೆ ಉದ್ದ ಆಗುತ್ತದೆ. ಬೋಲ್ಟು ತನ್ನ ನಟ್ಟಿನ ತಳಕ್ಕೆ ಮುಟ್ಟಿ ನಿಲ್ಲುತ್ತದೆ, ಕೈಗೆ ಬಿಗಿ ಆದ ಹಾಗೇ ಅನ್ನಿಸುತ್ತದೆ, ಆದರೆ ಚೈನ್ ವೀಲನ್ನು ಅದು ಒತ್ತಿ ಹಿಡಿದಿರುವುದಿಲ್ಲ. ಬೆರಳಲ್ಲಿ ಅಲುಗಾಡಿಸಿದರೆ ಕೂದಲೆಳೆಯಷ್ಟು ಆಡುತ್ತದೆ. ನನ್ನದೂ ಆಡುತ್ತಿತ್ತು. ಅವತ್ತು ಚೈನು ಕಳಚಲು ಅದೂ ಒಂದು ಕೈ ಹಾಕಿರಬೇಕು. ಸಿಂಗಲ್ ಚೈನ್ ವೀಲಿನ ಗಿಡ್ಡ ಬೋಲ್ಟು ಐದರ ಸೆಟ್ ಸಿಗುತ್ತದೆ, ತರಿಸಿದೆ. ಕಾಕಾ ಬೇರೊಂದು ಉಪಾಯ ಹೇಳಿದ್ದರು. ಹಳೆಯ 53ರ ಹಲ್ಲುಗಳನ್ನೆಲ್ಲ ಗ್ರೈಂಡರಿನಲ್ಲಿ ಉಜ್ಜಿ ಹೊರಮೈಗೆ ಹಾಕು, ಹಳೆಯ ಬೋಲ್ಟೇ ಸರಿಹೋಗುತ್ತದೆ, ಪ್ಯಾಂಟು ಚೈನಿಗೆ ಸಿಗುವುದಿಲ್ಲ ಅಂತ. ಒಳ್ಳೆಯ ಉಪಾಯ. ಆದರೆ ಆ 53ರಲ್ಲಿ ಇನ್ನೂ ಜೀವ ಇದೆ, ರೋಡ್ ಬೈಕ್ ಇರುವ ಯಾರಿಗಾದರೂ ಬೇಕಾಗುತ್ತದೆ. ನಾನು ಪ್ಯಾಂಟಿಗೆ ಪಟ್ಟಿ ಕಟ್ಟಿಕೊಳ್ಳುತ್ತೇನೆ.

ಬೋಲ್ಟು ಬಿಗಿಯುವುದಕ್ಕೂ ಒಂದು ಕ್ರಮ ಇದೆ. ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ 2008ರಲ್ಲಿ ತೀರಿಕೊಂಡರು, ಆದರೆ ಫಿಕ್ಸಿ ಇಟ್ಟುಕೊಂಡವರು ಇವತ್ತಿಗೂ ಅವರು ಬರೆದಿಟ್ಟದ್ದನ್ನೇ ಮೊದಲು ಓದುವುದು. ಈ ಕ್ರಮ ನಾನು ಕಲಿತದ್ದೂ ಅಲ್ಲಿಂದಲೇ. ಐದೂ ಬೋಲ್ಟುಗಳನ್ನು ಚೈನ್ ವೀಲು ತಟ್ಟಿದರೆ ಮಾತ್ರ ಜರುಗುವಷ್ಟು ಬಿಗಿದುಕೊಳ್ಳಿ. ಚೈನು ಹಾಕಿ ಪೆಡಲನ್ನು ನಿಧಾನವಾಗಿ ತಿರುಗಿಸಿ. ಚೈನು ಎಲ್ಲಿ ಅತಿ ಬಿಗಿ ಆಗುತ್ತದೋ ಅಲ್ಲಿ ನಿಲ್ಲಿಸಿ ಚೈನಿನ ಮೇಲೆ ಮೆಲ್ಲಗೆ ತಟ್ಟಿ. ನಾನು ಪಾನಾದ ಹಿಡಿಯಿಂದ ತಟ್ಟಿದೆ. ಚೈನ್ ವೀಲು ಒಂದು ಕೂದಲಷ್ಟು ನಡುವಿಗೆ ಜರುಗುತ್ತದೆ. ಮತ್ತೆ ತಿರುಗಿಸಿ, ಮತ್ತೆ ತಟ್ಟಿ. ಏಳೆಂಟು ಸಲ ಮಾಡಿದ ಮೇಲೆ ಬಿಗಿ ಸಡಿಲಿನ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವಾಯಿತು. ಆಮೇಲೆ ಒಂದು ಬೋಲ್ಟು ಬಿಟ್ಟು ಒಂದರಂತೆ ಪೂರ್ತಿ ಬಿಗಿದೆ. ಕೊನೆಗೆ ಚೈನನ್ನು ನಡುವೆ ಬೆರಳಲ್ಲಿ ಒತ್ತಿದರೆ ಮೇಲೆ ಕೆಳಗೆ ಸೇರಿ ಅರ್ಧ ಇಂಚು ಆಡಬೇಕು. ಆಟವೇ ಇಲ್ಲದಷ್ಟು ಬಿಗಿದರೆ ಹಬ್ಬು, ಬಿಬಿ ಎರಡರ ಬೇರಿಂಗಿಗೂ ಪೆಟ್ಟು.

ಹಿಂದೆ ಎಷ್ಟು ಹಲ್ಲು ಅನ್ನುವುದನ್ನೂ ಈ ಸಲ ಬದಲಿಸಿದೆ. ಮೊದಲು 16 ಇತ್ತು. 44ಕ್ಕೆ 16 ಅಂದರೆ 11ಕ್ಕೆ 4. ಕಾಲು ಒತ್ತಿ ಚಕ್ರ ನಿಲ್ಲಿಸಿ ಜಾರಿಸುವಾಗ ಟಯರಿನ ನಾಲ್ಕೇ ಜಾಗ ನೆಲಕ್ಕೆ ಉಜ್ಜುತ್ತವೆ, ಅದೂ ಯಾವಾಗಲೂ ಒಂದೇ ಕಾಲು ಮುಂದಿಟ್ಟು ಜಾರಿಸುವವರಿಗೆ. ಟಯರು ನಾಲ್ಕು ಕಡೆ ಬೋಳಾಗುತ್ತದೆ, ಉಳಿದ ಕಡೆ ಹೊಸದರ ಹಾಗೇ ಇರುತ್ತದೆ. 17 ಹಾಕಿದರೆ 44, 17 ಎರಡನ್ನೂ ಭಾಗಿಸುವ ಅಂಕಿಯೇ ಇಲ್ಲ, 17 ಜಾಗಕ್ಕೆ ಹಂಚಿಹೋಗುತ್ತದೆ. ಒಂದೇ ಒಂದು ಹಲ್ಲಿನಿಂದ ಟಯರಿನ ಆಯುಷ್ಯ ಇಷ್ಟು ಬದಲಾಗುವುದನ್ನು ಕಾಗದದ ಮೇಲೆ ನೋಡಿದಾಗ ನನಗೆ ಖುಷಿಯಾಯಿತು. 28 ಮಿಮೀ ಟಯರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಐದೂವರೆ ಮೀಟರ್ ಹೋಗುತ್ತದೆ, ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಸುಮಾರು 26 ಕಿಮೀ. ಪುಣೆಯ ಟ್ರಾಫಿಕ್ಕಿಗೆ ಇಷ್ಟು ಸಾಕು. ಹಬ್ಬಿನ ಇನ್ನೊಂದು ಮಗ್ಗುಲಿಗೆ 18ರ ಫ್ರೀವೀಲ್ ಇದೆ, ಏರು ಜಾಸ್ತಿ ಇರುವ ದಿನ ಚಕ್ರ ತಿರುಗಿಸಿ ಹಾಕುತ್ತೇನೆ. ಒಂದು ಹಲ್ಲಿನ ವ್ಯತ್ಯಾಸಕ್ಕೆ ಚಕ್ರ ಸೀಳಿನಲ್ಲಿ ಮೂರು ಮಿಮೀ ಜರುಗಿದರೆ ಸಾಕು, ಚೈನು ಕತ್ತರಿಸಬೇಕಿಲ್ಲ.

ಒಂದೇ ಕೊರತೆ ತೋಳಿನ ಉದ್ದ. ಫಿಕ್ಸಿಯಲ್ಲಿ ತಿರುವಿನಲ್ಲೂ ಪೆಡಲ್ ನಿಲ್ಲಿಸಲು ಆಗುವುದಿಲ್ಲ. ಸೈಕಲ್ ಒಳಕ್ಕೆ ವಾಲಿದಾಗ ಆ ಕಡೆಯ ಪೆಡಲ್ ಕೆಳಗೆ ಬಂದರೆ ನೆಲಕ್ಕೆ ಬಡಿಯುತ್ತದೆ. ಅದಕ್ಕೇ ಜಾಸ್ತಿ ಜನ 165ರ ತೋಳು ಹುಡುಕುವುದು. ರೋಡ್ ಕ್ರ್ಯಾಂಕು ಹೆಚ್ಚಾಗಿ ಸಿಗುವುದು 170, 172.5, 175ರಲ್ಲಿ. 170ರಲ್ಲಿ ನನಗೆ ಇನ್ನೂ ಬಡಿದಿಲ್ಲ, ಕಡಿಮೆ ಅಗಲದ ಪೆಡಲ್ ಹಾಕಿದ್ದೇನೆ, ತಿರುವಿನಲ್ಲಿ ನಿಧಾನ ಮಾಡುತ್ತೇನೆ. 175 ಸಿಕ್ಕಿದ್ದರೆ ಪುಕ್ಕಟೆ ಆದರೂ ಹಾಕುತ್ತಿರಲಿಲ್ಲ.

ಇದೆಲ್ಲ ಬಿಗಿದು ಮುಗಿಸಿದ ಮರುದಿನ ಭಾನುವಾರ. ಬೆಳಿಗ್ಗೆ ಐದೂವರೆಗೆ ಕೋಥ್ರೂಡಿನಿಂದ ಹೊರಟು ಖಡಕ್‌ವಾಸ್ಲಾ ಕಡೆ ತುಳಿದೆ. ಸಿಂಹಗಡ ರಸ್ತೆಯಲ್ಲಿ ಇನ್ನೂ ಹಾಲಿನ ಗಾಡಿಗಳಷ್ಟೇ. ಗರಗರ ಇಲ್ಲ, ಟಿಕ್ ಇಲ್ಲ. ಟಯರು ರಸ್ತೆಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಕಾಲು ಹಿಂದಕ್ಕೆ ಒತ್ತಿದರೆ ಸೈಕಲ್ ಅದೇ ಕ್ಷಣಕ್ಕೆ ತಗ್ಗುತ್ತಿತ್ತು, ನಡುವೆ ಆ ಸಡಿಲಿನ ಪೆಟ್ಟು ಇಲ್ಲ. ಅಣೆಕಟ್ಟಿನ ಹತ್ತಿರ ನಿಂತು ಚೈನ್ ಮುಟ್ಟಿ ನೋಡಿದೆ, ಅರ್ಧ ಇಂಚು ಹಾಗೇ ಇತ್ತು.

ನೂರು ಕಿಲೋಮೀಟರ್ ಆದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಬಿಗಿದು ನೋಡಿದೆ. ಚೈನ್ ವೀಲಿನ ಐದು ಬೋಲ್ಟೂ ಗಟ್ಟಿ. ಎಡಗಡೆ ತೋಳಿನ ಒಂದು ಬೋಲ್ಟು ಕೂದಲಷ್ಟು ತಿರುಗಿತು, ಇನ್ನೊಂದು ಅಲುಗಲಿಲ್ಲ.